ಪ್ಯಾಕೆಟ್ ಎಲ್ಲಿ ಬೀಳುತ್ತದೆ ಎಂದು ಮೊದಲು ಹುಡುಕಿ: ಲಿನಕ್ಸ್ ಕರ್ನಲ್‌ನ ನೆಟ್‌ವರ್ಕ್ ದಾರಿಯನ್ನು ಚುರುಕುಗೊಳಿಸುವ ಕ್ರಮ

10 ಗಿಗಾಬಿಟ್ ವೇಗದ ಕೊಂಡಿಯಲ್ಲಿ 64 ಬೈಟ್‌ನ ಇಥರ್ನೆಟ್ ಫ್ರೇಮ್‌ಗಳು (ತಂತಿಯ ಮೇಲೆ ಪ್ಯಾಕೆಟ್ ಹೊತ್ತು ತರುವ ಕಟ್ಟುಗಳು) ಎಡೆಬಿಡದೆ ಬರುತ್ತಿವೆ ಎಂದುಕೊಳ್ಳಿ. ಫ್ರೇಮಿನ ಮುಂದೆ ಬರುವ 8 ಬೈಟ್‌ಗಳ ಗುರುತು, ಎರಡು ಫ್ರೇಮ್‌ಗಳ ನಡುವೆ ಬಿಡಲೇಬೇಕಾದ 12 ಬೈಟ್‌ಗಳ ಅಂತರ ಸೇರಿ ಒಂದೊಂದೂ ತಂತಿಯ ಮೇಲೆ 84 ಬೈಟ್ ಜಾಗ ಹಿಡಿಯುತ್ತದೆ. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 1.488 ಕೋಟಿ ಪ್ಯಾಕೆಟ್. ಒಂದಕ್ಕೆ ಸಿಗುವ ಸಮಯ 67.2 ನ್ಯಾನೊಸೆಕೆಂಡ್. 3 ಗಿಗಾಹರ್ಟ್ಸ್‌ನಲ್ಲಿ ಓಡುವ ಕೋರ್‌ಗೆ ಅದು 200 ಸೈಕಲ್. ಪ್ರೊಸೆಸರ್‌ನೊಳಗಿನ ವೇಗದ ಮೆಮೊರಿಯಾದ ಕ್ಯಾಶ್‌ನಲ್ಲಿ ಇಲ್ಲದ ಒಂದೇ ಒಂದು ವಿಳಾಸವನ್ನು ಮುಖ್ಯ ಮೆಮೊರಿಯಿಂದ ತರುವಷ್ಟರಲ್ಲಿ ಆ ಸಮಯ ಬಹುಪಾಲು ಮುಗಿದುಹೋಗುತ್ತದೆ. 100 ಗಿಗಾಬಿಟ್ ಕೊಂಡಿಯಾದರೆ ಅದರ ಹತ್ತನೇ ಒಂದು ಪಾಲು ಮಾತ್ರ ಉಳಿಯುತ್ತದೆ.

ಪೂರ್ಣ ಗಾತ್ರದ, ಅಂದರೆ 1500 ಬೈಟ್ ಹೊರೆಯ ಫ್ರೇಮ್‌ಗಳಾದರೆ ಚಿತ್ರ ಬೇರೆ. ಅದೇ 10 ಗಿಗಾಬಿಟ್‌ನಲ್ಲಿ ಸೆಕೆಂಡಿಗೆ 8.12 ಲಕ್ಷ ಪ್ಯಾಕೆಟ್, ಒಂದಕ್ಕೆ 1230 ನ್ಯಾನೊಸೆಕೆಂಡ್. ಆದ್ದರಿಂದ 'ಎಷ್ಟು ಗಿಗಾಬಿಟ್' ಎನ್ನುವುದಕ್ಕಿಂತ 'ಸೆಕೆಂಡಿಗೆ ಎಷ್ಟು ಪ್ಯಾಕೆಟ್' ಎಂಬ ಪ್ರಶ್ನೆಯನ್ನೇ ಮೊದಲು ಕೇಳಬೇಕು. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ದುಡಿಯುವುದು ಬೈಟ್‌ಗಳ ಲೆಕ್ಕದಲ್ಲಿ ಅಲ್ಲ, ಬಹುಮಟ್ಟಿಗೆ ಪ್ಯಾಕೆಟ್‌ಗಳ ಲೆಕ್ಕದಲ್ಲಿ.

ನೆಟ್‌ವರ್ಕ್ ನಿಧಾನವಾಯಿತೆಂದರೆ ಹಲವರು ಮಾಡುವ ಮೊದಲ ಕೆಲಸ, ಎಲ್ಲಿಂದಲೋ ಸಿಕ್ಕ ಇಪ್ಪತ್ತು ಸಾಲುಗಳ ಸಿಸ್ಕಂಟ್ರೋಲ್ (ಕರ್ನಲ್ ಸೆಟ್ಟಿಂಗ್‌ಗಳ) ಪಟ್ಟಿಯನ್ನು ಹಾಗೆಯೇ ಅಂಟಿಸುವುದು. ದಯವಿಟ್ಟು ಹಾಗೆ ಮಾಡಬೇಡಿ. ಪ್ಯಾಕೆಟ್ ಬೀಳಬಹುದಾದ, ಅಂದರೆ ಕಳೆದುಹೋಗಬಹುದಾದ, ಪ್ರತಿಯೊಂದು ಜಾಗಕ್ಕೂ ಕರ್ನಲ್ ಒಂದು ಎಣಿಕೆ ಇಟ್ಟಿದೆ. ಯಾವ ಎಣಿಕೆ ಏರುತ್ತಿದೆ ಎಂದು ನೋಡಿದರೆ ಯಾವ ತಿರುಪನ್ನು ಮುಟ್ಟಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಈ ಲೇಖನದಲ್ಲಿ ಪ್ಯಾಕೆಟ್ ಸಾಗುವ ಕ್ರಮದಲ್ಲೇ ಒಂದೊಂದು ಜಾಗವನ್ನೂ ನೋಡುತ್ತ ಹೋಗೋಣ.

ದಾರಿಯ ಪರಿಚಯ

ನೆಟ್‌ವರ್ಕ್ ಕಾರ್ಡ್‌ಗೆ ಬಂದ ಫ್ರೇಮ್ ಪ್ರೊಸೆಸರ್‌ನ ನೆರವಿಲ್ಲದೆ, ಡಿಎಂಎ ಮೂಲಕ ನೇರವಾಗಿ ಮೆಮೊರಿಗೆ ಇಳಿಯುತ್ತದೆ. ಎಲ್ಲಿ ಇಳಿಯಬೇಕು ಎಂಬ ವಿಳಾಸಗಳನ್ನು ಡ್ರೈವರ್ ಮೊದಲೇ ರಿಂಗ್ ಎಂಬ ಸುತ್ತುಪಟ್ಟಿಯಲ್ಲಿ ಬರೆದಿಟ್ಟಿರುತ್ತದೆ. ಫ್ರೇಮ್ ಇಳಿದ ಮೇಲೆ ಕಾರ್ಡ್ ಇಂಟರಪ್ಟ್ ಕೊಡುತ್ತದೆ, ಅಂದರೆ ಕೈಯಲ್ಲಿನ ಕೆಲಸ ನಿಲ್ಲಿಸಿ ಇತ್ತ ನೋಡು ಎಂದು ಪ್ರೊಸೆಸರ್‌ಗೆ ಸಂಕೇತ ಕೊಡುತ್ತದೆ. ಆ ಇಂಟರಪ್ಟ್‌ನಲ್ಲಿ ಡ್ರೈವರ್ ಮಾಡುವುದು ಎರಡೇ ಕೆಲಸ: ಆ ಕ್ಯೂವಿನ (ಫ್ರೇಮ್ ಇಳಿದ ಸರತಿಯ) ಇಂಟರಪ್ಟ್‌ಗಳನ್ನು ತಾತ್ಕಾಲಿಕವಾಗಿ ನಿಲ್ಲಿಸುವುದು, ಪ್ಯಾಕೆಟ್ ಎತ್ತಿಕೊಳ್ಳುವ ನ್ಯಾಪಿ ಎಂಬ ವ್ಯವಸ್ಥೆಗೆ ಕರೆ ಕೊಡುವುದು. ಉಳಿದ ಭಾರವಾದ ಕೆಲಸವೆಲ್ಲ ಸಾಫ್ಟ್‌ಐಆರ್‌ಕ್ಯೂ ಎಂಬ ಎರಡನೆಯ ಹಂತದಲ್ಲಿ ನಡೆಯುತ್ತದೆ.

ಈ ಏರ್ಪಾಟು ಸುಮ್ಮನೆ ಬಂದದ್ದಲ್ಲ. ಪ್ರತಿ ಪ್ಯಾಕೆಟ್‌ಗೂ ಇಂಟರಪ್ಟ್ ಬರುವ ವ್ಯವಸ್ಥೆಯಲ್ಲಿ ಹೊರೆ ಒಂದು ಮಿತಿ ದಾಟಿದರೆ ಯಂತ್ರ ತನ್ನ ಸಮಯವನ್ನೆಲ್ಲ ಇಂಟರಪ್ಟ್‌ಗೆ ಓಗೊಡುವುದರಲ್ಲೇ ಕಳೆದು, ಒಂದು ಪ್ಯಾಕೆಟ್ಟನ್ನೂ ಕೊನೆ ಮುಟ್ಟಿಸದ ಸ್ಥಿತಿಗೆ ಬರುತ್ತದೆ. ಜೆಫ್ರಿ ಮೊಗಲ್ ಮತ್ತು ಕೆ. ಕೆ. ರಾಮಕೃಷ್ಣನ್ 1996ರಲ್ಲೇ ಇದನ್ನು ವಿವರವಾಗಿ ತೋರಿಸಿ, ಹೊರೆ ಹೆಚ್ಚಿದಾಗ ಇಂಟರಪ್ಟ್ ಬಿಟ್ಟು ತಾನೇ ಹೋಗಿ ಕೇಳುವ ಕ್ರಮಕ್ಕೆ ಬದಲಾಗುವ ಪರಿಹಾರವನ್ನು ಮುಂದಿಟ್ಟರು. ಜಮಾಲ್ ಹದಿ ಸಲೀಂ, ರಾಬರ್ಟ್ ಓಲ್ಸನ್, ಅಲೆಕ್ಸಿ ಕುಜ್ನೆತ್ಸೊವ್ ಅವರು 2001ರ ಹೊತ್ತಿಗೆ ಲಿನಕ್ಸ್‌ಗೆ ರೂಪಿಸಿದ ನ್ಯಾಪಿಯೂ ಇದೇ ತತ್ವದ್ದು. ಹೊರೆ ಕಡಿಮೆ ಇದ್ದಾಗ ಇಂಟರಪ್ಟ್. ಹೊರೆ ಹೆಚ್ಚಾದಾಗ ರಿಂಗ್ ಬರಿದಾಗುವವರೆಗೂ ಸರತಿಯಲ್ಲಿ ಎತ್ತಿಕೊಳ್ಳುವುದು.

ನ್ಯಾಪಿ ಒಂದು ಸಲಕ್ಕೆ ಒಂದು ಕ್ಯೂವಿನಿಂದ ಹೆಚ್ಚೆಂದರೆ 64 ಪ್ಯಾಕೆಟ್ ಎತ್ತುತ್ತದೆ. ಎತ್ತಿದ ಪ್ರತಿಯೊಂದಕ್ಕೂ ಎಸ್‌ಕೆ‌ಬಫ್ ಎಂಬ, 200 ಬೈಟ್‌ಗೂ ಮೀರಿದ ರಚನೆ ಹುಟ್ಟುತ್ತದೆ. ನಂತರ ಜಿಆರ್‌ಒ ಒಂದೇ ಸಂಪರ್ಕದ ಪ್ಯಾಕೆಟ್‌ಗಳನ್ನು ಒಗ್ಗೂಡಿಸುತ್ತದೆ. ಆಮೇಲೆ ಐಪಿ ಪದರ, ನೆಟ್‌ಫಿಲ್ಟರ್ ಎಂಬ ಫೈರ್‌ವಾಲ್‌ನ ನಿಯಮಗಳು, ಮಾರ್ಗ ನಿರ್ಣಯ, ಟಿಸಿಪಿ ಅಥವಾ ಯುಡಿಪಿ ಎಂಬ ಸಾಗಣೆಯ ಪದರ, ಸಾಕೆಟ್‌ನ (ಪ್ರೋಗ್ರಾಂ ನೆಟ್‌ವರ್ಕ್‌ಗೆ ತೆರೆದ ಬಾಗಿಲಿನ) ಕ್ಯೂ, ಕೊನೆಗೆ ನಿಮ್ಮ ಪ್ರೋಗ್ರಾಂ.

ಹೆಜ್ಜೆ 1: ಅಳತೆ

ಅಳೆಯುವ ಮುನ್ನ ಒಂದು ಎಚ್ಚರಿಕೆ. ರಿಂಗ್ ಗಾತ್ರ, ಕ್ಯೂಗಳ ಸಂಖ್ಯೆ ಬದಲಿಸಿದಾಗ ಎಷ್ಟೋ ಡ್ರೈವರ್‌ಗಳು ಕೊಂಡಿಯನ್ನೇ ಒಮ್ಮೆ ಕೆಡವಿ ಎಬ್ಬಿಸುತ್ತವೆ. ದೂರದಲ್ಲಿ ಕುಳಿತು ಅದೇ ಕಾರ್ಡ್ ಮೂಲಕ ಲಾಗಿನ್ ಆಗಿ ಈ ಕೆಲಸ ಮಾಡುವುದಾದರೆ ಯಂತ್ರವನ್ನು ತಲುಪಲು ಬೇರೊಂದು ದಾರಿ ಇಟ್ಟುಕೊಳ್ಳಿ. ಈಗಿರುವ ಎಲ್ಲ ಮೌಲ್ಯಗಳನ್ನೂ ಒಂದು ಕಡತದಲ್ಲಿ ಬರೆದಿಡಿ.

ಈಗ ಮೂರು ಜಾಗ ನೋಡಿ.

ಮೊದಲನೆಯದು ಕಾರ್ಡ್‌ನದೇ ಎಣಿಕೆ. ಕಾರ್ಡ್‌ನ ಸ್ಥಿತಿ ನೋಡಿ ತಿದ್ದುವ ಇಥ್‌ಟೂಲ್ ಎಂಬ ಸಾಧನಕ್ಕೆ ಇಂಗ್ಲಿಷಿನ ದೊಡ್ಡಕ್ಷರ ಎಸ್ ಆಯ್ಕೆ ಕೊಟ್ಟರೆ ಉದ್ದನೆಯ ಪಟ್ಟಿ ಬರುತ್ತದೆ. ಹೆಸರುಗಳು ಡ್ರೈವರ್‌ನಿಂದ ಡ್ರೈವರ್‌ಗೆ ಬೇರೆ. ಆದರೆ ಮಿಸ್ಡ್, ಫಿಫೊ, ನೋ ಬಫರ್, ಡ್ರಾಪ್ ಎಂಬ ಪದಗಳಿರುವ ಸಾಲುಗಳೇ ನಿಮಗೆ ಬೇಕಾದವು. ಇವು ಏರುತ್ತಿದ್ದರೆ ಪ್ಯಾಕೆಟ್ ಕರ್ನಲ್‌ನ ಕೈಗೇ ಸಿಕ್ಕಿಲ್ಲ. ರಿಂಗ್ ತುಂಬಿ ಹೊರಗೇ ಉಳಿದಿದೆ. ಸಿಆರ್‌ಸಿ ದೋಷ, ಅಂದರೆ ದಾರಿಯಲ್ಲಿ ಕೆಟ್ಟು ಬಂದ ಫ್ರೇಮ್‌ಗಳ ಎಣಿಕೆ, ಏರುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ ಕೇಬಲ್ ಅಥವಾ ಆಪ್ಟಿಕಲ್ ಮಾಡ್ಯೂಲ್ ಬದಲಿಸಿ. ಕರ್ನಲ್‌ನ ಯಾವ ಸೆಟ್ಟಿಂಗ್‌ನಿಂದಲೂ ಕೆಟ್ಟ ತಂತಿ ರಿಪೇರಿಯಾಗುವುದಿಲ್ಲ.

ಎರಡನೆಯದು /ಪ್ರಾಕ್/ನೆಟ್ ಅಡಿಯಲ್ಲಿರುವ ಸಾಫ್ಟ್‌ನೆಟ್_ಸ್ಟ್ಯಾಟ್ ಕಡತ. ಒಂದು ಕೋರ್‌ಗೆ ಒಂದು ಸಾಲು, ಅಂಕಿಗಳೆಲ್ಲ ಹದಿನಾರರ ಎಣಿಕೆಯಲ್ಲಿ. ಮೊದಲ ಅಂಕಣ ಆ ಕೋರ್ ಸಂಸ್ಕರಿಸಿದ ಪ್ಯಾಕೆಟ್‌ಗಳು. ಎರಡನೆಯದು ಬ್ಯಾಕ್‌ಲಾಗ್ ಎಂಬ ಕಾಯುವ ಸಾಲು ತುಂಬಿ ಕೈಬಿಟ್ಟವು. ಮೂರನೆಯದು ಕೆಲಸ ಬಾಕಿ ಇರುವಾಗಲೇ ಸಮಯ ಅಥವಾ ಪಾಲು ಮುಗಿದು ನ್ಯಾಪಿ ನಿಲ್ಲಿಸಬೇಕಾಗಿ ಬಂದ ಸಂದರ್ಭಗಳು. ಮೊದಲ ಅಂಕಣವನ್ನು ಕೋರ್‌ಗಳ ನಡುವೆ ಹೋಲಿಸಿ ನೋಡಿದರೇ ಅರ್ಧ ರೋಗ ಪತ್ತೆಯಾಗುತ್ತದೆ.

ಮೂರನೆಯದು ಎನ್‌ಸ್ಟ್ಯಾಟ್ ಆದೇಶ ತೋರಿಸುವ ಪ್ರೋಟೊಕಾಲ್ ಮಟ್ಟದ ಎಣಿಕೆ. ಯುಡಿಪಿಯ ರಿಸೀವ್ ಬಫರ್ ದೋಷ ಏರುತ್ತಿದ್ದರೆ ಕರ್ನಲ್ ತನ್ನ ಕೆಲಸ ಮುಗಿಸಿದೆ, ಪ್ರೋಗ್ರಾಂ ಓದುತ್ತಿಲ್ಲ ಎಂದರ್ಥ. ಟಿಸಿಪಿಯಲ್ಲಿ ಪ್ರೂನ್, ಕೊಲ್ಯಾಪ್ಸ್ ಎಂಬ ಹೆಸರಿನ ಎಣಿಕೆಗಳೂ ಅದೇ ಬಗೆಯವು.

ಇಷ್ಟರಲ್ಲೂ ಸುಳಿವು ಸಿಗದಿದ್ದರೆ ಕರ್ನಲ್ ಪ್ಯಾಕೆಟ್ ಎಸೆಯುವಾಗಲೆಲ್ಲ ಚಾಲೂ ಆಗುವ ಒಂದು ಟ್ರೇಸ್‌ಪಾಯಿಂಟ್ (ಒಳಗಿನ ಘಟನೆ ತಿಳಿಸುವ ಗುರುತು) ಇದೆ; ಡ್ರಾಪ್‌ವಾಚ್ ಅಥವಾ ಬಿಪಿಎಫ್‌ಟ್ರೇಸ್‌ನಿಂದ ಅದಕ್ಕೆ ಕಿವಿಗೊಡಬಹುದು. ಇತ್ತೀಚಿನ ಕರ್ನಲ್‌ಗಳಲ್ಲಿ ಎಸೆದ ಕಾರಣವನ್ನೂ ಅದು ಹೇಳುತ್ತದೆ. ಕರ್ನಲ್ ನೆಟ್‌ವರ್ಕಿಂಗ್‌ನಲ್ಲಿ ಇತ್ತೀಚಿನ ವರ್ಷಗಳಲ್ಲಿ ಬಂದ ಅನುಕೂಲಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಇದೇ. 'ಎಲ್ಲೋ ಬಿತ್ತು' ಎಂಬಲ್ಲಿಂದ 'ಇಂಥ ಕಡೆ, ಇಂಥ ಕಾರಣಕ್ಕೆ ಬಿತ್ತು' ಎಂಬಲ್ಲಿಗೆ ಒಂದೇ ಸಾಲಿನ ಆದೇಶದಿಂದ ತಲುಪುತ್ತೇವೆ.

ಜೊತೆಗೆ ಎಂಪಿಸ್ಟ್ಯಾಟ್‌ನಲ್ಲಿ ಎಲ್ಲ ಕೋರ್‌ಗಳ ಬಳಕೆಯನ್ನು ಬೇರೆಬೇರೆಯಾಗಿ ನೋಡಿ. ಸಾಫ್ಟ್‌ಐಆರ್‌ಕ್ಯೂಗೆ ಹೋದ ಸಮಯ ತೋರಿಸುವ ಸಾಫ್ಟ್ ಎಂಬ ಅಂಕಣ ಮುಖ್ಯ. ಒಟ್ಟು ಸರಾಸರಿ ಮೋಸ ಮಾಡುತ್ತದೆ. 32 ಕೋರ್‌ಗಳ ಯಂತ್ರದಲ್ಲಿ ಒಂದು ಕೋರ್ ಪೂರ್ತಿ ಮುಳುಗಿದ್ದರೂ ಸರಾಸರಿ ಮೂರೇ ಶೇಕಡಾ ಕಾಣಿಸುತ್ತದೆ. ಪರ್ಫ್ ಸಾಧನದಿಂದ ಆ ಕೋರ್ ಯಾವ ಫಂಕ್ಷನ್‌ನಲ್ಲಿ ಸಮಯ ಕಳೆಯುತ್ತಿದೆ ಎಂದೂ ನೋಡಿಡಿ.

ಪರೀಕ್ಷೆಗೆ ಹೊರೆ ಹುಟ್ಟಿಸಲು ಕರ್ನಲ್‌ನಲ್ಲೇ ಇರುವ ಪಿಕೆಟಿಜೆನ್ ಚಿಕ್ಕ ಪ್ಯಾಕೆಟ್‌ಗಳಿಗೆ ಒಳ್ಳೆಯದು. ವೇಗ ಅಳೆಯುವ ಐಪರ್ಫ್3 ಬಳಸುವುದಾದರೆ 3.16ಕ್ಕಿಂತ ಹಳೆಯ ಆವೃತ್ತಿಗಳು ಎಷ್ಟೇ ಸಂಪರ್ಕಗಳನ್ನು ಒಟ್ಟಿಗೆ ತೆರೆದರೂ ಒಂದೇ ಥ್ರೆಡ್‌ನಲ್ಲಿ ಓಡುತ್ತವೆ ಎಂಬುದು ನೆನಪಿರಲಿ. ಸಾಧನ ಸೋತದ್ದನ್ನು ಕರ್ನಲ್ ಸೋತದ್ದೆಂದು ಬಗೆಯುವ ತಪ್ಪು ಇಲ್ಲಿ ಬಹಳ ಸುಲಭ.

ಹೆಜ್ಜೆ 2: ಯಂತ್ರಾಂಶ ಸರಿಯಾದ ಕಡೆ ಇದೆಯೇ?

ಇದು ಚಿಕ್ಕ ಪರೀಕ್ಷೆ, ಆದರೆ ಬಿಡಬೇಡಿ. ಕಾರ್ಡ್ ಕೂರುವ ಪಿಸಿಐಇ ಮೂರನೆಯ ತಲೆಮಾರಿನ ಎಂಟು ಲೇನ್‌ಗಳ ಸ್ಲಾಟ್ ಸುಮಾರು 63 ಗಿಗಾಬಿಟ್‌ಗಿಂತ ಹೆಚ್ಚು ಸಾಗಿಸಲಾರದು. ಅಲ್ಲಿ 100 ಗಿಗಾಬಿಟ್ ಕಾರ್ಡ್ ಕೂರಿಸಿ ಸಾಫ್ಟ್‌ವೇರ್‌ನಲ್ಲಿ ಎಷ್ಟು ತಿರುಗಿಸಿದರೂ ಫಲವಿಲ್ಲ. ಎಲ್‌ಎಸ್‌ಪಿಸಿಐನ ವಿವರವಾದ ಉತ್ತರದಲ್ಲಿ ಕೊಂಡಿಯ ಸಾಮರ್ಥ್ಯ ಮತ್ತು ಕೊಂಡಿಯ ಈಗಿನ ಸ್ಥಿತಿ ಎಂಬ ಎರಡು ಸಾಲುಗಳಿರುತ್ತವೆ, ಎರಡೂ ಹೊಂದಬೇಕು.

ಎರಡು ಪ್ರೊಸೆಸರ್‌ಗಳಿರುವ ಯಂತ್ರದಲ್ಲಿ ಕಾರ್ಡ್ ಯಾವ ನ್ಯೂಮಾ ನೋಡ್‌ಗೆ (ಒಂದು ಪ್ರೊಸೆಸರ್ ಮತ್ತು ಅದರ ಹತ್ತಿರದ ಮೆಮೊರಿಯ ಗುಂಪಿಗೆ) ಸೇರಿದೆ ಎಂದು /ಸಿಸ್ ಅಡಿಯಲ್ಲಿ ಆ ಸಾಧನದ ನ್ಯೂಮಾ_ನೋಡ್ ಕಡತ ಹೇಳುತ್ತದೆ. ಪ್ಯಾಕೆಟ್ ಸಂಸ್ಕರಿಸುವ ಕೋರ್‌ಗಳನ್ನು, ಸಾಧ್ಯವಾದರೆ ಪ್ರೋಗ್ರಾಮನ್ನೂ, ಅದೇ ನೋಡ್‌ನಲ್ಲಿ ಇರಿಸಿ. ಆಚೆ ಕಡೆಯ ಮೆಮೊರಿಗೆ ಹೋಗಿಬರುವ ಪ್ರತಿ ಪಯಣವೂ ಮೇಲೆ ಹೇಳಿದ 200 ಸೈಕಲ್‌ಗಳಿಂದಲೇ ಕಳೆಯುತ್ತದೆ.

ಹೆಜ್ಜೆ 3: ಕ್ಯೂಗಳು, ಕೋರ್‌ಗಳು, ಹಂಚಿಕೆ

ಲಾಭ ಅತಿ ಹೆಚ್ಚು ಸಿಗುವುದು ಇಲ್ಲಿ. ಒಂದು ಕೋರ್ ಮುಳುಗಿ ಉಳಿದವು ಕೈಕಟ್ಟಿ ಕುಳಿತಿರುವುದು ನಾನು ಅತಿ ಹೆಚ್ಚು ಸಲ ಕಂಡಿರುವ ತೊಂದರೆ.

ಇಂದಿನ ಕಾರ್ಡ್‌ಗಳಲ್ಲಿ ಹಲವು ರಿಸೀವ್ ಕ್ಯೂಗಳಿರುತ್ತವೆ. ಪ್ಯಾಕೆಟ್‌ನ ಮೂಲ ಮತ್ತು ಗುರಿ ಐಪಿ ವಿಳಾಸ, ಪೋರ್ಟ್ ಸಂಖ್ಯೆಗಳನ್ನು ಹ್ಯಾಶ್ ಮಾಡಿ (ಲೆಕ್ಕ ಹಾಕಿ ಒಂದೇ ಅಂಕಿಗೆ ಇಳಿಸಿ), ಆ ಹ್ಯಾಶ್‌ನ ಪ್ರಕಾರ ಒಂದು ಕ್ಯೂ ಆರಿಸುವ ಕೆಲಸವನ್ನು ಕಾರ್ಡೇ ಮಾಡುತ್ತದೆ. ಇದಕ್ಕೆ ಆರ್‌ಎಸ್‌ಎಸ್ ಎನ್ನುತ್ತಾರೆ. ಒಂದೇ ಸಂಪರ್ಕದ ಪ್ಯಾಕೆಟ್‌ಗಳೆಲ್ಲ ಒಂದೇ ಕ್ಯೂಗೆ ಬೀಳುವುದರಿಂದ ಕ್ರಮ ಕೆಡುವುದಿಲ್ಲ.

ಇಥ್‌ಟೂಲ್‌ನ ಸಣ್ಣಕ್ಷರ ಎಲ್ ಆಯ್ಕೆ ಕ್ಯೂಗಳ ಸಂಖ್ಯೆ ತೋರಿಸುತ್ತದೆ, ದೊಡ್ಡಕ್ಷರ ಎಲ್ ಅದನ್ನು ಬದಲಿಸುತ್ತದೆ. ಈ ಸಾಧನದಲ್ಲಿ ಬಹುತೇಕ ಆಯ್ಕೆಗಳಿಗೂ ಇದೇ ಪದ್ಧತಿ: ಸಣ್ಣಕ್ಷರ ನೋಡಲು, ದೊಡ್ಡಕ್ಷರ ತಿದ್ದಲು. ಕಾರ್ಡ್ ಇರುವ ನ್ಯೂಮಾ ನೋಡ್‌ನಲ್ಲಿ ಎಷ್ಟು ನಿಜವಾದ ಕೋರ್‌ಗಳಿವೆಯೋ ಅಷ್ಟು ಕ್ಯೂಗಳಿಂದ ಆರಂಭಿಸಿ. ಒಂದೇ ಕೋರ್ ಎರಡರಂತೆ ತೋರುವ ಹೈಪರ್‌ಥ್ರೆಡ್ ಜೋಡಿಯ ಎರಡೂ ಕಡೆ ಕ್ಯೂ ಕೊಡುವುದರಿಂದ ಸಾಮಾನ್ಯವಾಗಿ ಸಿಗುವ ಲಾಭ ಅಲ್ಪ, ಏಕೆಂದರೆ ಇಬ್ಬರೂ ಹಂಚಿಕೊಳ್ಳುವುದು ಅದೇ ಒಂದು ಕ್ಯಾಶ್.

ನಂತರ ಪ್ರತಿ ಕ್ಯೂವಿನ ಇಂಟರಪ್ಟನ್ನು ಒಂದೊಂದು ಕೋರ್‌ಗೆ ಕಟ್ಟಿ. /ಪ್ರಾಕ್/ಇಂಟರಪ್ಟ್ಸ್ ಕಡತದಲ್ಲಿ ಕ್ಯೂಗಳ ಇಂಟರಪ್ಟ್ ಸಂಖ್ಯೆ ಸಿಗುತ್ತದೆ. /ಪ್ರಾಕ್/ಐಆರ್‌ಕ್ಯೂ ಅಡಿಯಲ್ಲಿ ಆ ಸಂಖ್ಯೆಯ ಫೋಲ್ಡರ್‌ನ ಒಳಗೆ ಎಸ್‌ಎಂಪಿ_ಅಫಿನಿಟಿ_ಲಿಸ್ಟ್ ಎಂಬ ಕಡತಕ್ಕೆ ಕೋರ್ ಸಂಖ್ಯೆ ಬರೆಯಬೇಕು. ಐಆರ್‌ಕ್ಯೂಬ್ಯಾಲೆನ್ಸ್ ಸೇವೆ ಓಡುತ್ತಿದ್ದರೆ ಅದು ನಿಮ್ಮ ಕಟ್ಟನ್ನು ಸ್ವಲ್ಪ ಹೊತ್ತಿನಲ್ಲೇ ಬಿಚ್ಚಿಬಿಡಬಹುದು. ಆ ಸೇವೆಯನ್ನು ನಿಲ್ಲಿಸಿ, ಇಲ್ಲವೇ ಈ ಇಂಟರಪ್ಟ್‌ಗಳನ್ನು ಮುಟ್ಟದಂತೆ ಅದರ ಸಂರಚನೆಯಲ್ಲಿ ಹೇಳಿ.

ಇಷ್ಟಾದರೂ ಹಂಚಿಕೆ ಸಮವಾಗದಿದ್ದರೆ ಎರಡು ಕಾರಣಗಳನ್ನು ಅನುಮಾನಿಸಿ. ಹಲವು ಡ್ರೈವರ್‌ಗಳು ಯುಡಿಪಿಗೆ ಮೊದಲಿನಿಂದಲೇ ಐಪಿ ವಿಳಾಸಗಳನ್ನು ಮಾತ್ರ ಹ್ಯಾಶ್ ಮಾಡುತ್ತವೆ, ಪೋರ್ಟ್‌ಗಳನ್ನಲ್ಲ. ತುಂಡಾದ ಐಪಿ ಪ್ಯಾಕೆಟ್‌ಗಳ ಎರಡನೆಯ ತುಂಡಿನಿಂದ ಮುಂದೆ ಪೋರ್ಟ್ ಸಂಖ್ಯೆಯೇ ಇರುವುದಿಲ್ಲವಾದ್ದರಿಂದ, ಕ್ರಮ ಕೆಡಬಾರದೆಂಬ ಜಾಗ್ರತೆ ಅದು. ಡಿಎನ್‌ಎಸ್ (ಹೆಸರಿಗೆ ಐಪಿ ವಿಳಾಸ ಹೇಳುವ) ಸರ್ವರ್‌ನಂತಹ ಕಡೆ, ಕೆಲವೇ ವಿಳಾಸಗಳಿಂದ ರಾಶಿ ಯುಡಿಪಿ ಬರುತ್ತಿದ್ದರೆ, ಇಥ್‌ಟೂಲ್‌ನ ರಿಸೀವ್ ಫ್ಲೋ ಹ್ಯಾಶ್ ಆಯ್ಕೆಯಲ್ಲಿ ಪೋರ್ಟ್‌ಗಳನ್ನೂ ಸೇರಿಸಿ. ಎರಡನೆಯ ಕಾರಣ ಟನೆಲ್, ಅಂದರೆ ಒಂದು ಪ್ಯಾಕೆಟ್ಟನ್ನು ಇನ್ನೊಂದರೊಳಗೆ ಸುತ್ತಿ ಕಳಿಸುವ ವಿಧಾನ. ಎರಡೇ ತುದಿಗಳ ನಡುವಿನ ಜಿಆರ್‌ಇ ಅಥವಾ ಐಪಿಸೆಕ್ ಟನೆಲ್‌ನಲ್ಲಿ ಎಲ್ಲ ಪ್ಯಾಕೆಟ್‌ಗಳ ಹೊರ ವಿಳಾಸ ಒಂದೇ. ಆದ್ದರಿಂದ ಎಲ್ಲವೂ ಒಂದೇ ಕ್ಯೂಗೆ ಬೀಳಬಹುದು. ವಿಎಕ್ಸ್‌ಲ್ಯಾನ್ ಎಂಬ ಬಗೆಯ ಟನೆಲ್‌ನಲ್ಲಿ ಒಳಗಿನ ಸಂಪರ್ಕಕ್ಕೆ ತಕ್ಕಂತೆ ಹೊರಗಿನ ಮೂಲ ಪೋರ್ಟ್ ಬದಲಾಗುವುದರಿಂದ ಅದು ಚೆನ್ನಾಗಿ ಹರಡುತ್ತದೆ. ಪೋರ್ಟ್‌ಗಳೂ ಹ್ಯಾಶ್‌ನಲ್ಲಿದ್ದರೆ ಮಾತ್ರ.

ಕಾರ್ಡ್‌ನಲ್ಲಿ ಕ್ಯೂಗಳು ಒಂದೆರಡೇ ಇದ್ದರೆ, ಅಥವಾ ಟನೆಲ್‌ನ ತೊಂದರೆ ತಪ್ಪದಿದ್ದರೆ, ಅದೇ ಹಂಚಿಕೆಯನ್ನು ಸಾಫ್ಟ್‌ವೇರ್‌ನಲ್ಲಿ ಮಾಡುವ ಆರ್‌ಪಿಎಸ್ ಇದೆ. ಪ್ಯಾಕೆಟ್ಟನ್ನು ಓದುವ ಪ್ರೋಗ್ರಾಂ ಯಾವ ಕೋರ್‌ನಲ್ಲಿದೆಯೋ ಅಲ್ಲಿಗೇ ಕಳಿಸುವ ಆರ್‌ಎಫ್‌ಎಸ್ ಅದರ ಜೊತೆಗಾರ. ಎರಡೂ 2010ರಲ್ಲಿ 2.6.35 ಕರ್ನಲ್‌ನೊಂದಿಗೆ ಬಂದವು. ಕಾರ್ಡ್‌ನಲ್ಲಿ ಸಾಕಷ್ಟು ಕ್ಯೂಗಳಿರುವಾಗ ಆರ್‌ಪಿಎಸ್ ಹಾಕಬೇಡಿ. ಒಂದು ಕೋರ್‌ನಿಂದ ಇನ್ನೊಂದಕ್ಕೆ ದಾಟಿಸುವ ಖರ್ಚು ಸುಮ್ಮನೆ ಸೇರಿಕೊಳ್ಳುತ್ತದೆ. ಸಾಫ್ಟ್‌ನೆಟ್_ಸ್ಟ್ಯಾಟ್‌ನ ಎರಡನೆಯ ಅಂಕಣ ಮುಖ್ಯವಾಗುವುದು ಆರ್‌ಪಿಎಸ್ ಇದ್ದಾಗ, ಇಲ್ಲವೇ ವರ್ಚುವಲ್ ಸಾಧನಗಳ ಮೂಲಕ ಪ್ಯಾಕೆಟ್ ಹಾಯುವಾಗ. ಆಗ ಮಾತ್ರ ನೆಟ್‌ಡೆವ್_ಮ್ಯಾಕ್ಸ್_ಬ್ಯಾಕ್‌ಲಾಗ್ ಮೌಲ್ಯವನ್ನು ಮೂಲದ 1000ದಿಂದ ಏರಿಸಿ. ನಕಲು ಪಟ್ಟಿಗಳಲ್ಲೆಲ್ಲ ಮೊದಲ ಸಾಲಿನಲ್ಲಿ ಕಾಣುವ ಈ ಸೆಟ್ಟಿಂಗ್, ನೇರವಾಗಿ ನ್ಯಾಪಿ ಮೂಲಕ ಬರುವ ಪ್ಯಾಕೆಟ್‌ಗಳ ದಾರಿಯಲ್ಲಿ ಸಿಗುವುದೇ ಇಲ್ಲ.

ಹೆಜ್ಜೆ 4: ರಿಂಗ್ ಮತ್ತು ಇಂಟರಪ್ಟ್‌ಗಳ ಅಂತರ

ಕಾರ್ಡ್‌ನ ಮಿಸ್ಡ್ ಎಣಿಕೆ ಏರುತ್ತಿದ್ದು, ಕೋರ್‌ಗಳು ಮಾತ್ರ ಪೂರ್ತಿ ಮುಳುಗಿಲ್ಲದಿದ್ದರೆ, ಹೊರೆ ಒಮ್ಮೆಗೇ ಉಕ್ಕಿ ಬರುತ್ತಿದೆ ಎಂದು ತಿಳಿಯಿರಿ. ಒಂದು ಕ್ಯೂಗೆ ಸೆಕೆಂಡಿಗೆ 10 ಲಕ್ಷ ಪ್ಯಾಕೆಟ್ ಬಂದರೆ 512 ಜಾಗಗಳ ರಿಂಗ್ ಅರ್ಧ ಮಿಲಿಸೆಕೆಂಡಿನಲ್ಲಿ ತುಂಬುತ್ತದೆ. ಅಷ್ಟರಲ್ಲಿ ಕರ್ನಲ್ ಆ ಕಡೆ ತಿರುಗಿ ನೋಡದಿದ್ದರೆ ನಷ್ಟ. 4096 ಜಾಗಗಳಾದರೆ 4 ಮಿಲಿಸೆಕೆಂಡ್ ಅವಕಾಶ ಸಿಗುತ್ತದೆ.

ಹಾಗಾದರೆ ಎಲ್ಲರೂ 4096 ಇಟ್ಟುಬಿಡಬಹುದಲ್ಲವೇ? ಬೇಡ. ಒಂದು ಜಾಗಕ್ಕೆ 2 ಕೆಬಿ ಬಫರ್ ಎಂದರೆ 4096 ಜಾಗಗಳಿಗೆ 8 ಎಂಬಿ. ಅಂತಹ 16 ಕ್ಯೂಗಳಿಗೆ 128 ಎಂಬಿ. ಹಲವು ಸರ್ವರ್ ಪ್ರೊಸೆಸರ್‌ಗಳಲ್ಲಿ ಕಾರ್ಡ್‌ನಿಂದ ಬಂದ ದತ್ತಾಂಶ ನೇರವಾಗಿ ಕೊನೆಯ ಹಂತದ ಕ್ಯಾಶ್‌ಗೆ ಬೀಳುವ ಏರ್ಪಾಟಿದೆ. ರಿಂಗ್‌ಗಳು ಕ್ಯಾಶ್‌ಗಿಂತ ದೊಡ್ಡದಾದರೆ, ಬರೆದದ್ದನ್ನು ಓದುವ ಮುನ್ನವೇ ಅದು ಮೆಮೊರಿಗೆ ಹೊರದಬ್ಬಲ್ಪಟ್ಟು, ಪ್ರತಿ ಪ್ಯಾಕೆಟ್‌ಗೂ ಮೆಮೊರಿಯ ದುಬಾರಿ ಪಯಣ ಮತ್ತೆ ಬರುತ್ತದೆ. 1024ಕ್ಕೆ ಏರಿಸಿ ಅಳೆಯಿರಿ, ಬೇಕಿದ್ದರೆ 2048ಕ್ಕೆ. ಎಣಿಕೆ ಏರುವುದು ನಿಂತಲ್ಲಿ ನಿಲ್ಲಿಸಿ. ಕೋರ್ ನಿರಂತರವಾಗಿ ಮುಳುಗಿದ್ದರಂತೂ ದೊಡ್ಡ ರಿಂಗ್ ನಷ್ಟವನ್ನು ತಡೆಯುವುದಿಲ್ಲ. ವಿಳಂಬವನ್ನು ಮಾತ್ರ ಹೆಚ್ಚಿಸುತ್ತದೆ.

ಇಂಟರಪ್ಟ್‌ಗಳ ಅಂತರವನ್ನು ಇಥ್‌ಟೂಲ್‌ನ ಸಣ್ಣಕ್ಷರ ಸಿ ಆಯ್ಕೆ ತೋರಿಸುತ್ತದೆ. ಅಂತರ 50 ಮೈಕ್ರೋಸೆಕೆಂಡ್ ಇಟ್ಟರೆ ಒಂದು ಕ್ಯೂಗೆ ಸೆಕೆಂಡಿಗೆ ಹೆಚ್ಚೆಂದರೆ 20,000 ಇಂಟರಪ್ಟ್. ಅಂತರ ಹೆಚ್ಚಿಸಿದಷ್ಟೂ ಒಂದು ಸಲಕ್ಕೆ ಎತ್ತುವ ಗುಂಪು ದೊಡ್ಡದು, ಪ್ಯಾಕೆಟ್‌ಗೆ ತಗಲುವ ಖರ್ಚು ಕಡಿಮೆ. ಆದರೆ ಒಂಟಿ ಪ್ಯಾಕೆಟ್ ಅಷ್ಟು ಹೊತ್ತು ಕಾಯಬೇಕು. ಬಹುತೇಕ ಡ್ರೈವರ್‌ಗಳಲ್ಲಿರುವ ಅಡಾಪ್ಟಿವ್ ವಿಧಾನ ಹೊರೆ ನೋಡಿ ತಾನೇ ಅಂತರ ಬದಲಿಸುತ್ತದೆ. ಸಾಮಾನ್ಯ ಬಳಕೆಗೆ ಅದನ್ನೇ ಇಟ್ಟುಕೊಳ್ಳಿ. ಪ್ರತಿ ಮೈಕ್ರೋಸೆಕೆಂಡ್ ಮುಖ್ಯವಾದ ಕಡೆ ಮಾತ್ರ ಕೈಯಿಂದ ಹೊಂದಿಸಿ.

ಹೆಜ್ಜೆ 5: ನ್ಯಾಪಿಯ ಪಾಲು

ಒಂದು ಸುತ್ತಿನಲ್ಲಿ ನ್ಯಾಪಿ ಎಲ್ಲ ಕ್ಯೂಗಳಿಂದ ಸೇರಿ ಎತ್ತಬಹುದಾದ ಪ್ಯಾಕೆಟ್‌ಗಳ ಮಿತಿ ನೆಟ್‌ಡೆವ್_ಬಜೆಟ್. ಮೂಲ ಮೌಲ್ಯ 300. ಸಮಯಕ್ಕೂ ಬೇರೊಂದು ಮಿತಿ ಇದೆ. ಇವೆರಡರಲ್ಲಿ ಒಂದು ಮುಗಿದು ಕೆಲಸ ಉಳಿದರೆ ಸಾಫ್ಟ್‌ನೆಟ್_ಸ್ಟ್ಯಾಟ್‌ನ ಮೂರನೆಯ ಅಂಕಣ ಏರುತ್ತದೆ. ಅಲ್ಲೊಂದು ಇಲ್ಲೊಂದು ಏರಿದರೆ ಚಿಂತೆಯಿಲ್ಲ. ಸತತವಾಗಿ ಏರುತ್ತಿದ್ದು, ಜೊತೆಗೆ ಕಾರ್ಡ್‌ನಲ್ಲಿ ನಷ್ಟವೂ ಕಾಣುತ್ತಿದ್ದರೆ ಬಜೆಟ್ಟನ್ನು 600ಕ್ಕೆ ಏರಿಸಿ, ಸಮಯದ ಮಿತಿಯನ್ನೂ ಅದರೊಡನೆ ಹೆಚ್ಚಿಸಿ. ಒಂದನ್ನೇ ಏರಿಸಿದರೆ ಇನ್ನೊಂದು ತಡೆಯುತ್ತದೆ.

ಸಾಫ್ಟ್‌ಐಆರ್‌ಕ್ಯೂ ಕೆಲಸ ಸತತವಾಗಿ ಉಳಿಯುತ್ತ ಹೋದರೆ ಕರ್ನಲ್ ಅದನ್ನು ಕೆಸಾಫ್ಟ್‌ಐಆರ್‌ಕ್ಯೂಡಿ ಎಂಬ ಥ್ರೆಡ್‌ಗೆ ಒಪ್ಪಿಸುತ್ತದೆ. ಅದು ಸಾಮಾನ್ಯ ಆದ್ಯತೆಯ ಥ್ರೆಡ್. ನಿಮ್ಮ ಪ್ರೋಗ್ರಾಂ ಅದೇ ಕೋರ್‌ನಲ್ಲಿದ್ದರೆ ಇಬ್ಬರಿಗೂ ಪೈಪೋಟಿ. 5.12ರಿಂದ, ಅಂದರೆ 2021ರಿಂದ, ನ್ಯಾಪಿಯನ್ನು ಕ್ಯೂಗೊಂದರಂತೆ ಪ್ರತ್ಯೇಕ ಥ್ರೆಡ್‌ಗಳಲ್ಲಿ ಓಡಿಸುವ ಅವಕಾಶ ಬಂದಿದೆ. ಆ ಥ್ರೆಡ್‌ಗಳಿಗೆ ಕೋರ್ ಮತ್ತು ಆದ್ಯತೆಯನ್ನು ನೀವೇ ಗೊತ್ತುಮಾಡಬಹುದು. ಪ್ರೋಗ್ರಾಂ ಮತ್ತು ಪ್ಯಾಕೆಟ್ ಕೆಲಸ ಒಂದೇ ಯಂತ್ರದಲ್ಲಿ ಕೋರ್‌ಗಳಿಗಾಗಿ ಸೆಣಸುತ್ತಿದ್ದರೆ ಇದನ್ನು ಪ್ರಯತ್ನಿಸಿ ನೋಡಲೇಬೇಕು.

ಹೆಜ್ಜೆ 6: ಒಗ್ಗೂಡಿಸುವುದು

ಜಿಆರ್‌ಒ ಒಂದೇ ಟಿಸಿಪಿ ಸಂಪರ್ಕದ ಪ್ಯಾಕೆಟ್‌ಗಳನ್ನು 64 ಕೆಬಿವರೆಗೆ ಒಂದಾಗಿ ಪೋಣಿಸುತ್ತದೆ. 1448 ಬೈಟ್ ಹೊರೆಯ ಲೆಕ್ಕದಲ್ಲಿ ಸುಮಾರು 45 ಪ್ಯಾಕೆಟ್. ಅಂದರೆ ಐಪಿ, ನೆಟ್‌ಫಿಲ್ಟರ್, ಮಾರ್ಗ ನಿರ್ಣಯ, ಟಿಸಿಪಿ ಎಲ್ಲವೂ 45 ಸಲದ ಬದಲು ಒಂದೇ ಸಲ. 2009ರ 2.6.29 ಕರ್ನಲ್‌ನಿಂದ ಇರುವ ಈ ಸೌಲಭ್ಯವನ್ನು ಯಾರಾದರೂ ಯಾವುದೋ ಹಳೆಯ ತೊಂದರೆಗೆಂದು ನಿಲ್ಲಿಸಿಟ್ಟು ಮರೆತಿದ್ದಾರೆಯೇ ಎಂದು ಇಥ್‌ಟೂಲ್‌ನ ಸಣ್ಣಕ್ಷರ ಕೆ ಆಯ್ಕೆಯಿಂದ ಪರೀಕ್ಷಿಸಿ. ಕಳಿಸುವ ಬದಿಯಲ್ಲಿ ಟಿಎಸ್‌ಒ ಇದರ ವಿರುದ್ಧ ದಿಕ್ಕಿನ ಜೋಡಿ: ದೊಡ್ಡ ತುಂಡು ಕಾರ್ಡ್‌ವರೆಗೂ ಇಡಿಯಾಗಿ ಹೋಗಿ ಅಲ್ಲಿ ಸೀಳುತ್ತದೆ.

ಹೆಜ್ಜೆ 4ಕ್ಕೂ ಇದಕ್ಕೂ ನಂಟಿದೆ. ಇಂಟರಪ್ಟ್‌ಗಳ ಅಂತರ ತೀರ ಕಡಿಮೆ ಮಾಡಿದರೆ ನ್ಯಾಪಿಗೆ ಪ್ರತಿ ಸಲವೂ ಒಂದೆರಡೇ ಪ್ಯಾಕೆಟ್ ಸಿಗುತ್ತವೆ. ಒಗ್ಗೂಡಿಸಲು ಏನೂ ಉಳಿಯುವುದಿಲ್ಲ. ಅಂತರ ಇಳಿಸಿದ ಮೇಲೆ ಪ್ರೊಸೆಸರ್ ಬಳಕೆ ದಿಢೀರನೆ ಏರಿದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಎಲ್‌ಆರ್‌ಒ ಎಂಬ ಹಳೆಯ, ಕಾರ್ಡ್‌ನೊಳಗಿನ ವಿಧಾನವೂ ಇದೆ. ಅದು ಒಗ್ಗೂಡಿಸುವಾಗ ಮೂಲ ಪ್ಯಾಕೆಟ್‌ಗಳ ವಿವರ ಕಳೆದುಹೋಗಬಹುದು, ಆದ್ದರಿಂದ ರೂಟರ್ ಅಥವಾ ಬ್ರಿಡ್ಜ್ ಆಗಿ ಕೆಲಸ ಮಾಡುವ ಯಂತ್ರದಲ್ಲಿ ಬೇಡ. ಜಿಆರ್‌ಒದಲ್ಲಿ ಆ ಭಯವಿಲ್ಲ. ಒಗ್ಗೂಡಿಸಿದ್ದನ್ನು ಮತ್ತೆ ಇದ್ದ ಹಾಗೆಯೇ ಬಿಡಿಸಲು ಬರುತ್ತದೆ.

ಹೆಜ್ಜೆ 7: ನೆಟ್‌ಫಿಲ್ಟರ್‌ನ ತೂಕ

ಫೈರ್‌ವಾಲ್ ನಿಯಮಗಳು ಒಂದರ ಕೆಳಗೊಂದು ನೂರಾರು ಇದ್ದರೆ ಪ್ರತಿ ಪ್ಯಾಕೆಟ್ಟೂ ಅವನ್ನು ಮೇಲಿನಿಂದ ಓದುತ್ತ ಬರಬೇಕು. ಎನ್‌ಎಫ್‌ಟೇಬಲ್ಸ್‌ನ ಸೆಟ್ ಮತ್ತು ಮ್ಯಾಪ್‌ಗಳನ್ನು ಬಳಸಿದರೆ ನೂರಾರು ವಿಳಾಸಗಳ ಹುಡುಕಾಟ ಒಂದೇ ನಿಯಮದಲ್ಲಿ ಮುಗಿಯುತ್ತದೆ. ಹಳೆಯ ಐಪಿಟೇಬಲ್ಸ್ ಆಗಿದ್ದರೆ ಐಪಿಸೆಟ್.

ಸಂಪರ್ಕಗಳ ಜಾಡು ಇಡುವ ಕಾನ್‌ಟ್ರ್ಯಾಕ್ ಇನ್ನೊಂದು ಹೊರೆ. ಕರ್ನಲ್ ಲಾಗ್‌ನಲ್ಲಿ ಕಾನ್‌ಟ್ರ್ಯಾಕ್ ಪಟ್ಟಿ ತುಂಬಿದೆ, ಪ್ಯಾಕೆಟ್ ಎಸೆಯುತ್ತಿದ್ದೇನೆ ಎಂಬ ಸಾಲು ಕಂಡರೆ ಮಿತಿ ಹೆಚ್ಚಿಸುವುದು ತುರ್ತು ಚಿಕಿತ್ಸೆ. ಅದಕ್ಕಿಂತ ಒಳ್ಳೆಯದು, ಜಾಡು ಬೇಕಿಲ್ಲದ ಹರಿವನ್ನು ಅದರಿಂದ ಹೊರಗಿಡುವುದು. ಸೆಕೆಂಡಿಗೆ ಲಕ್ಷಗಟ್ಟಲೆ ಪ್ರಶ್ನೆಗಳಿಗೆ ಉತ್ತರಿಸುವ ಡಿಎನ್‌ಎಸ್ ಸರ್ವರ್‌ನಲ್ಲಿ ಪ್ರತಿ ಪ್ರಶ್ನೆಗೂ ಒಂದು ಜಾಡಿನ ದಾಖಲೆ ಹುಟ್ಟಿ ಸಾಯುವುದರಲ್ಲಿ ಅರ್ಥವಿಲ್ಲ. ರಾ ಹಂತದಲ್ಲೇ ನೋಟ್ರ್ಯಾಕ್ ಎಂದು ಹೇಳಿ, ಬರುವ ಮತ್ತು ಹೋಗುವ ಎರಡೂ ದಿಕ್ಕಿಗೆ.

ಹೆಜ್ಜೆ 8: ಸಾಕೆಟ್ ಮತ್ತು ಪ್ರೋಗ್ರಾಂ

ಯುಡಿಪಿಯ ಬಫರ್ ದೋಷ ಏರುತ್ತಿದ್ದರೆ ಬಫರ್ ದೊಡ್ಡದು ಮಾಡುವ ಮುನ್ನ ಒಂದು ವಿಷಯ ತಿಳಿದಿರಲಿ: ಕರ್ನಲ್ ಬಫರ್‌ನ ಲೆಕ್ಕ ಹಾಕುವುದು ಪ್ಯಾಕೆಟ್‌ನಲ್ಲಿರುವ ಬೈಟ್‌ಗಳಿಂದಲ್ಲ, ಅದು ಮೆಮೊರಿಯಲ್ಲಿ ಹಿಡಿದ ಒಟ್ಟು ಜಾಗದಿಂದ. 100 ಬೈಟ್‌ನ ಸಂದೇಶವೂ ನೂರಾರು ಬೈಟ್ ಎಂದೇ ದಾಖಲಾಗುತ್ತದೆ. ಮೂಲದ 212992 ಬೈಟ್‌ಗಳ ಬಫರ್‌ನಲ್ಲಿ ಹೀಗಾಗಿ ಕೆಲವು ನೂರು ಚಿಕ್ಕ ಸಂದೇಶಗಳಷ್ಟೇ ಹಿಡಿಯುತ್ತವೆ. ಆರ್‌ಮೆಮ್_ಮ್ಯಾಕ್ಸ್ ಏರಿಸಿ, ಪ್ರೋಗ್ರಾಂನಲ್ಲೂ ದೊಡ್ಡ ಬಫರ್ ಕೇಳಿ. ಮಿತಿ ಏರಿಸಿದ ಮಾತ್ರಕ್ಕೆ ಬಫರ್ ತಾನಾಗಿ ಬೆಳೆಯುವುದಿಲ್ಲ.

ಟಿಸಿಪಿಯಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಕರ್ನಲ್ ಬಫರನ್ನು ತಾನೇ ಬೆಳೆಸುತ್ತದೆ. ಪ್ರೋಗ್ರಾಂ ಗಾತ್ರ ಗೊತ್ತುಮಾಡಿದರೆ ಆ ಬೆಳವಣಿಗೆಯೇ ನಿಂತುಹೋಗುತ್ತದೆ. ದೂರದ ಕೊಂಡಿಗಳಲ್ಲಿ ಗರಿಷ್ಠ ಮಿತಿಯನ್ನು ಮಾತ್ರ ಲೆಕ್ಕ ಹಾಕಿ ಇಡಿ: 10 ಗಿಗಾಬಿಟ್ ವೇಗ, ಹೋಗಿಬರಲು 40 ಮಿಲಿಸೆಕೆಂಡ್ ಎಂದರೆ ದಾರಿಯಲ್ಲೇ 50 ಎಂಬಿ ದತ್ತಾಂಶ ಇರುತ್ತದೆ. ಬಹುಕಾಲ ರೂಢಿಯಲ್ಲಿರುವ 6 ಎಂಬಿ ಗರಿಷ್ಠ ಮಿತಿಯಿಂದ ಒಂದೇ ಸಂಪರ್ಕ ಆ ದಾರಿಯನ್ನು ತುಂಬಲಾರದು.

ಓದುವ ಥ್ರೆಡ್ ಒಂದೇ ಆಗಿದ್ದರೆ ಬಫರ್ ಎಷ್ಟು ದೊಡ್ಡದಾದರೂ ಸಾಲದು. 2013ರ 3.9 ಕರ್ನಲ್‌ನಿಂದ ಇರುವ ರೀಯೂಸ್‌ಪೋರ್ಟ್ ಆಯ್ಕೆಯಿಂದ ಹಲವು ಥ್ರೆಡ್‌ಗಳು ಒಂದೇ ಪೋರ್ಟ್‌ಗೆ ತಮ್ಮ ತಮ್ಮ ಸಾಕೆಟ್ ತೆರೆಯಬಹುದು. ಕರ್ನಲ್ ಅವುಗಳ ನಡುವೆ ಹಂಚುತ್ತದೆ. ಯುಡಿಪಿಯಲ್ಲಿ ಒಂದೇ ಸಿಸ್ಟಂ ಕಾಲ್‌ನಲ್ಲಿ ಹಲವು ಸಂದೇಶ ಓದುವ ರಿಸೀವ್‌ಎಂಎಂಎಸ್‌ಜಿ ಬಳಸಿ. ವಿಳಂಬವೇ ಮುಖ್ಯವಾದ ಕಡೆ ಬ್ಯುಸಿ ಪೋಲ್ ಹಾಕಿದರೆ ಪ್ರೋಗ್ರಾಂ ಇಂಟರಪ್ಟ್‌ಗೆ ಕಾಯದೆ ತಾನೇ ಕ್ಯೂವನ್ನು ಕೇಳುತ್ತಿರುತ್ತದೆ. ಆದರೆ ಆ ಕೋರ್‌ಗೆ ಬಿಡುವಿರುವುದಿಲ್ಲ, ವಿದ್ಯುತ್ತೂ ಖರ್ಚಾಗುತ್ತದೆ.

ಹೆಜ್ಜೆ 9: ಎಕ್ಸ್‌ಡಿಪಿ, ಬೇಕಾದಾಗ ಮಾತ್ರ

ಇಷ್ಟೆಲ್ಲ ಮಾಡಿದ ಮೇಲೂ ಸಾಲದಿದ್ದರೆ, ಅದರಲ್ಲೂ ಕೆಲಸ ಪ್ಯಾಕೆಟ್ ಎಸೆಯುವುದು, ತಿರುಗಿಸುವುದು ಅಥವಾ ಹೊರೆ ಹಂಚುವುದಾಗಿದ್ದರೆ, ಎಕ್ಸ್‌ಡಿಪಿ ಇದೆ. 2016ರಲ್ಲಿ 4.8 ಕರ್ನಲ್‌ಗೆ ಸೇರಿದ ಇದು, ಎಸ್‌ಕೆ‌ಬಫ್ ಹುಟ್ಟುವ ಮೊದಲೇ, ಡ್ರೈವರ್‌ನೊಳಗೇ ನಿಮ್ಮ ಇಬಿಪಿಎಫ್ (ಕರ್ನಲ್‌ನೊಳಗೇ ಓಡುವ ಚಿಕ್ಕ) ಪ್ರೋಗ್ರಾಮನ್ನು ಓಡಿಸುತ್ತದೆ. ಎಸೆ, ಮೇಲಕ್ಕೆ ಬಿಡು, ಬಂದ ದಾರಿಗೆ ಕಳಿಸು, ಬೇರೆಡೆಗೆ ತಿರುಗಿಸು: ಪ್ರತಿ ಪ್ಯಾಕೆಟ್‌ಗೂ ಹೀಗೊಂದು ತೀರ್ಪು. ಇದನ್ನು ರೂಪಿಸಿದವರೇ 2018ರಲ್ಲಿ ಪ್ರಕಟಿಸಿದ ಅಳತೆಯಲ್ಲಿ ಒಂದೇ ಕೋರ್ ಸೆಕೆಂಡಿಗೆ 2.4 ಕೋಟಿ ಪ್ಯಾಕೆಟ್ ಸಂಸ್ಕರಿಸಿತ್ತು. ಫೇಸ್‌ಬುಕ್‌ನ ಕಟ್ರಾನ್ ಹೊರೆ ಹಂಚುವ ವ್ಯವಸ್ಥೆ ಇದರ ಮೇಲೆಯೇ ನಿಂತಿದೆ.

ಬಳಸುವ ಮುನ್ನ ಡ್ರೈವರ್‌ನಲ್ಲಿ ನೇಟಿವ್ ಬೆಂಬಲ ಇದೆಯೇ ನೋಡಿ. ಬೆಂಬಲವಿಲ್ಲದ ಕಡೆ ಓಡುವ ಜನರಿಕ್ ವಿಧಾನ ಎಸ್‌ಕೆ‌ಬಫ್ ಹುಟ್ಟಿದ ಮೇಲೆ ಕೆಲಸ ಮಾಡುವುದರಿಂದ ವೇಗದ ಲಾಭ ಬಹುಪಾಲು ಹೋಗುತ್ತದೆ; ಕಲಿಯಲು, ಪರೀಕ್ಷಿಸಲು ಅದು ಸರಿ. ಎಕ್ಸ್‌ಡಿಪಿ ಎಸೆದ ಪ್ಯಾಕೆಟ್, ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಸಾಧನಕ್ಕೆ ಕಾಣುವುದಿಲ್ಲ ಎಂಬುದನ್ನೂ ಯಂತ್ರ ನೋಡಿಕೊಳ್ಳುವ ಎಲ್ಲರಿಗೂ ತಿಳಿಸಿ. ಕಾಣದ ಪ್ಯಾಕೆಟ್‌ಗಾಗಿ ನಡುರಾತ್ರಿ ತಂತಿ ಹುಡುಕುವ ಕಷ್ಟ ಯಾರಿಗೂ ಬೇಡ. ಎಕ್ಸ್‌ಡಿಪಿ ಪ್ರೋಗ್ರಾಂನಲ್ಲೇ ತೀರ್ಪುಗಳ ಎಣಿಕೆ ಇಡುವುದನ್ನು ಕಡ್ಡಾಯ ಮಾಡಿಕೊಳ್ಳಿ.

ಪೂರ್ತಿ ಪ್ಯಾಕೆಟ್ ಪ್ರೋಗ್ರಾಂಗೆ ಬೇಕಿದ್ದರೆ 4.18ರಿಂದ ಎಎಫ್_ಎಕ್ಸ್‌ಡಿಪಿ ಸಾಕೆಟ್ ಇದೆ. ಕರ್ನಲ್ಲನ್ನು ಪೂರ್ತಿ ಬದಿಗಿಡುವ ಡಿಪಿಡಿಕೆಗೆ ಹೋಗುವ ಮುನ್ನ ಇದನ್ನು ಅಳೆದು ನೋಡಿ ಎಂಬುದು ನನ್ನ ಗಟ್ಟಿ ಸಲಹೆ. ಡಿಪಿಡಿಕೆಯಲ್ಲಿ ವೇಗ ಇದೆ. ಆದರೆ ಫೈರ್‌ವಾಲ್, ಮಾರ್ಗ ನಿರ್ಣಯ, ಟಿಸಿಪಿ, ಪರಿಚಿತ ಸಾಧನಗಳು ಎಲ್ಲವನ್ನೂ ಬಿಟ್ಟು ಹೋಗಬೇಕು.

ಹೆಜ್ಜೆ 10: ಉಳಿಸಿಕೊಳ್ಳುವುದು

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅದೇ ಹೊರೆಯಲ್ಲಿ ಮತ್ತೆ ಅಳೆಯಿರಿ, ಸುಧಾರಿಸದಿದ್ದರೆ ಹಿಂದಿನ ಮೌಲ್ಯಕ್ಕೆ ಮರಳಿ. ಸರಾಸರಿಯ ಜೊತೆಗೆ ವಿಳಂಬದ 99ನೇ ಶೇಕಡಾಂಕವನ್ನೂ ಬರೆದಿಡಿ. ಒಟ್ಟು ವೇಗ ಏರಿ ವಿಳಂಬದ ಬಾಲ ಉದ್ದವಾಗುವುದು ಸಾಮಾನ್ಯ. ಪ್ರೊಸೆಸರ್ ದೋಷಗಳ ವಿರುದ್ಧದ ರಕ್ಷಣೆಗಳನ್ನು ನಿಲ್ಲಿಸಿದರೆ ವೇಗ ಹೆಚ್ಚುತ್ತದೆ ಎಂಬ ಸಲಹೆಯೂ ನಿಮಗೆ ಸಿಕ್ಕೀತು. ಹಲವರ ಪ್ರೋಗ್ರಾಂಗಳು ಓಡುವ ಯಂತ್ರದಲ್ಲಿ ಅದನ್ನು ಖಂಡಿತ ಮಾಡಬೇಡಿ.

ಇಥ್‌ಟೂಲ್‌ನಿಂದ ಮಾಡಿದ ಬದಲಾವಣೆ ಯಂತ್ರ ಮರಳಿ ಎದ್ದಾಗ ಉಳಿಯುವುದಿಲ್ಲ. ಡ್ರೈವರ್ ಮರುಲೋಡ್ ಆದರೂ ಹೋಗುತ್ತದೆ. ಆದ್ದರಿಂದ ಯುಡೆವ್ ನಿಯಮವಾಗಿ ಅಥವಾ ಸಿಸ್ಟಂಡಿ ಸೇವೆಯಾಗಿ ಬರೆದಿಡಿ, ಪ್ರತಿ ಸಾಲಿನ ಪಕ್ಕದಲ್ಲಿ ಯಾವ ಎಣಿಕೆ ಏರುತ್ತಿದ್ದುದಕ್ಕಾಗಿ ಅದನ್ನು ಸೇರಿಸಿದಿರಿ ಎಂಬ ಟಿಪ್ಪಣಿಯೊಂದಿಗೆ. ಕ್ಯೂಗಳ ಸಂಖ್ಯೆ ಬದಲಾದಾಗ ಇಂಟರಪ್ಟ್ ಸಂಖ್ಯೆಗಳೂ ಬದಲಾಗಬಹುದಾದ್ದರಿಂದ ಸ್ಕ್ರಿಪ್ಟ್‌ನಲ್ಲಿ ಸಂಖ್ಯೆಗಳನ್ನು ನೇರವಾಗಿ ಬರೆಯದೆ, ಕ್ಯೂವಿನ ಹೆಸರಿನಿಂದ ಹುಡುಕಿ ಕಟ್ಟಿ. ಕರ್ನಲ್ ಅಥವಾ ಕಾರ್ಡ್‌ನ ಫರ್ಮ್‌ವೇರ್ ನವೀಕರಿಸಿದ ದಿನ ಹೆಜ್ಜೆ 1ರ ಮೂರೂ ಎಣಿಕೆಗಳನ್ನು ಮತ್ತೊಮ್ಮೆ ತೆಗೆದು ಹಳೆಯದರ ಪಕ್ಕದಲ್ಲಿಡಿ.